ಬಯಲಲ್ಲಿ ಸಾಧಾರಣ, ಕೋಣೆಯಲ್ಲಿ ಮಾರಕ: ಹೆಗಲ ಮೇಲಿನ ಥರ್ಮೋಬಾರಿಕ್ ಅಸ್ತ್ರ

ಸಾಮಾನ್ಯ ಸ್ಫೋಟಕ ತನಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಅದರ ಒತ್ತಡ ಥಟ್ಟನೆ ಏರಿ ಥಟ್ಟನೆ ಇಳಿಯುತ್ತದೆ. ಥರ್ಮೋಬಾರಿಕ್, ಅಂದರೆ ಶಾಖ ಮತ್ತು ಒತ್ತಡದಿಂದ ಹೊಡೆಯುವ, ಸಿಡಿತಲೆಯಲ್ಲಿ ಇಂಧನದ ಪಾಲೇ ಹೆಚ್ಚು. ಮೊದಲ ಸ್ಫೋಟದ ಬೆನ್ನಿಗೇ ಅದರ ಲೋಹದ ಪುಡಿ ಸುತ್ತಲಿನ ಗಾಳಿಯೊಂದಿಗೆ ಬೆರೆತು ಉರಿಯುತ್ತದೆ. ಗರಿಷ್ಠ ಒತ್ತಡ ಕಡಿಮೆ, ಆದರೆ ಅದು ಹೆಚ್ಚು ಹೊತ್ತು ತಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಒತ್ತಡದ ಅಲೆ ಗೋಡೆ, ಸೂರಿಗೆ ಬಡಿದು ಮರಳಿ ಬರುತ್ತದೆ, ಮೂಲೆ ತಿರುಗಿ ಪಕ್ಕದ ಕೋಣೆಗೂ ನುಗ್ಗುತ್ತದೆ. ಹಾಗಾಗಿ ಚೂರುಗಳಿಂದ ಕಾಪಾಡುವ ಮರಳಿನ ಚೀಲ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ.

ರಷ್ಯಾದ ಆರ್‌ಪಿಒ-ಎ ಶ್ಮೆಲ್ ನೋಡಿ. 93 ಮಿ.ಮೀ. ವ್ಯಾಸ, ಸುಮಾರು 11 ಕೆಜಿ ತೂಕದ, ಒಮ್ಮೆ ಹಾರಿಸಿ ಎಸೆಯುವ ಕೊಳವೆ. ಒಳಗಿನ ಮಿಶ್ರಣ 2.1 ಕೆಜಿ. ತಯಾರಕರ ಲೆಕ್ಕದಲ್ಲಿ ಬಯಲಲ್ಲಿ 50 ಚದರ ಮೀಟರ್, ಕಟ್ಟಡದೊಳಗೆ 80 ಘನ ಮೀಟರ್ ಅದರ ವ್ಯಾಪ್ತಿ. ಇಂಥ ಅಂಕಿಗಳು ಮಾರಾಟದ ಕಾಗದದವು. ಕಿಟಕಿ ಬಾಗಿಲು ಎಷ್ಟು ದೊಡ್ಡದಿದ್ದರೆ ಒತ್ತಡ ಅಷ್ಟು ಹೊರಗೆ ಸೋರುತ್ತದೆ ಎಂಬುದು ಅವುಗಳಲ್ಲಿ ಇರುವುದಿಲ್ಲ. ವೇಗ ಸೆಕೆಂಡಿಗೆ ಸುಮಾರು 125 ಮೀಟರ್ ಮಾತ್ರ. 200 ಮೀಟರ್ ತಲುಪಲು ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಅಡ್ಡಗಾಳಿ ಅದನ್ನು ಕಿಟಕಿಯಿಂದ ಗೋಡೆಗೆ ಸರಿಸಬಹುದು. ಕಿಟಕಿಯ ಸರಳಿಗೋ ಕೊಂಬೆಗೋ ತಗುಲಿದರೆ ಹೊರಗೇ ಸಿಡಿದು, ಒಳಗಿನವರು ಪಾರಾಗುತ್ತಾರೆ.

ಗೋಡೆಯ ಈ ತೊಡಕನ್ನು 2004ರ ನವೆಂಬರ್‌ನಲ್ಲಿ ಇರಾಕ್‌ನ ಫಲ್ಲೂಜಾದಲ್ಲಿ ಅಮೆರಿಕದ ಮರೀನ್ ದಳ ಎದುರಿಸಿತು. ಅವರ ಹೆಗಲ ಮೇಲಿನ 83 ಮಿ.ಮೀ. ಸ್ಮಾ (SMAW) ಲಾಂಚರ್‌ನ ಥರ್ಮೋಬಾರಿಕ್ ರಾಕೆಟ್‌ಗೆ ಗೋಡೆ ಕೊರೆಯುವ ಶಕ್ತಿ ಸಾಲದು. ಮೊದಲು ಸಾಮಾನ್ಯ ರಾಕೆಟ್‌ನಿಂದ ತೂತು ಮಾಡಿ, ಹಿಂದೆಯೇ ಅದೇ ತೂತಿನೊಳಗೆ ಇದನ್ನು ಹೊಡೆದರು. ಎರಡೆರಡು ರಾಕೆಟ್ ಹೊತ್ತು, ಎರಡು ಸಲ ಬಯಲಿಗೆ ತಲೆಯೊಡ್ಡಬೇಕು. ಪ್ರತಿ ಸಲವೂ ಕೊಳವೆಯ ಹಿಂಬದಿಯ ಬೆಂಕಿಯುಗುಳಿಗೆ ಜಾಗ ಖಾಲಿ ಇರಬೇಕು. ಇಕ್ಕಟ್ಟಾದ ಓಣಿಯಲ್ಲಿ ಇದೇ ದೊಡ್ಡ ಕಷ್ಟ.

ಆಮ್ಲಜನಕ ಖಾಲಿಯಾಗಿ ಉಸಿರುಗಟ್ಟಿ ಸಾಯುತ್ತಾರೆಂಬ ಮಾತು ಪ್ರಚಾರದಲ್ಲಿದೆ. ಆದರೆ ಸಾವಿಗೆ ಮುಖ್ಯ ಕಾರಣ ಒತ್ತಡದ ಪೆಟ್ಟು ಮತ್ತು ಸುಟ್ಟಗಾಯ. ಸುಮಾರು 35 ಕಿಲೋಪಾಸ್ಕಲ್ ಒತ್ತಡಕ್ಕೆ ಕಿವಿತಮಟೆ ಹರಿಯತೊಡಗುತ್ತದೆ. ಅದಕ್ಕಿಂತ ಬಹಳ ಮೇಲೆ ಶ್ವಾಸಕೋಶದ ಗೂಡುಗಳು ಒಡೆಯುತ್ತವೆ. ಮೈಮೇಲೆ ಗಾಯವೇ ಕಾಣದ ಸೈನಿಕ ಕೆಲ ಗಂಟೆಗಳ ಬಳಿಕ ಉಸಿರಿಗೆ ತಡಕಾಡಬಹುದು. ಹಾಗಾಗಿ ಸ್ಫೋಟದ ಕೋಣೆಯಿಂದ ಎದ್ದು ಬಂದವರನ್ನು "ಏನೂ ಆಗಿಲ್ಲ" ಎಂದು ಬಿಡದೆ ನಿಗಾದಲ್ಲಿಡಬೇಕು. ಗುಂಡು ತಡೆಯುವ ಕವಚ ಈ ಅಲೆಯನ್ನು ತಡೆಯುವುದಿಲ್ಲ.

ಒಳಗೆ ಯಾರಿದ್ದಾರೆಂದು ಹಾರಿಸುವವನಿಗೆ ಕಾಣದಿರುವುದು ಈ ಆಯುಧದ ಕಠಿಣ ಪ್ರಶ್ನೆ. 2004ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಬೆಸ್ಲಾನ್ ಊರಿನ ಶಾಲೆಯಲ್ಲಿ ಉಗ್ರರ ಕೈಯಲ್ಲಿ ನೂರಾರು ಒತ್ತೆಯಾಳುಗಳಿದ್ದಾಗ ರಷ್ಯಾದ ಪಡೆಗಳು ಶ್ಮೆಲ್ ಬಳಸಿದವು. 330ಕ್ಕೂ ಹೆಚ್ಚು ಜನ ಸತ್ತ ಆ ಪ್ರಕರಣದಲ್ಲಿ, ಟ್ಯಾಂಕ್ ಫಿರಂಗಿ, ಗ್ರೆನೇಡ್ ಲಾಂಚರ್‌ಗಳ ಜೊತೆಗೆ ಇವನ್ನೂ ವಿವೇಚನೆಯಿಲ್ಲದೆ ಬಳಸಿದ್ದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2017ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು.