ಚಿನ್ನದ ಬಣ್ಣದ ಬ್ರಾಡ್ ಪಾಯಿಂಟ್ ಬಿಟ್ ತಗೊಳ್ಳಲೇ, ಸಾದಾ ಉಕ್ಕಿನದೇ ಸಾಕೇ?

ಪ್ರಶ್ನೆ: ಮರಗೆಲಸಕ್ಕೆ ಒಂದು ಸೆಟ್ ಬ್ರಾಡ್ ಪಾಯಿಂಟ್ ಡ್ರಿಲ್ ಬಿಟ್ (ನಡುವೆ ಚೂಪು ಮೊನೆಯಿರುವ, ಮರ ಕೊರೆಯುವ ಬಿಟ್) ಕೊಳ್ಳಬೇಕು ಅಂತಿದ್ದೇನೆ. ಚಿನ್ನದ ಬಣ್ಣದ ಟೈಟಾನಿಯಂ ಬಿಟ್ ಒಳ್ಳೆಯದೋ, ಸಾದಾ ಉಕ್ಕಿನದೋ? ಯಾವುದು ಹೆಚ್ಚು ದಿನ ಬಾಳುತ್ತದೆ?

ಉತ್ತರ: ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಬಂದಾಗಲೆಲ್ಲ ಬಣ್ಣದ ವಿಚಾರವೇ ಮುಂದೆ ನಿಂತಿರುತ್ತದೆ, ಬಿಟ್‌ನ ತುದಿ ಹೇಗಿದೆ ಅನ್ನುವ ಮಾತೇ ಇರುವುದಿಲ್ಲ. ಅದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಮರಕ್ಕೆ ಬಿಟ್ ಆರಿಸುವಾಗ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಸಾಣೆಯ ಕೆಲಸ ಚೆನ್ನಾಗಿದ್ದರೆ ಬಿಟ್ ಒಳ್ಳೆಯದು, ಇಲ್ಲದಿದ್ದರೆ ಅದರ ಮೇಲೆ ಏನು ಬಳಿದಿದ್ದರೂ ಪ್ರಯೋಜನವಿಲ್ಲ.

ಬ್ರಾಡ್ ಪಾಯಿಂಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆದರೂ ಮುಂದಿನ ಮಾತಿಗೆ ಬೇಕಾಗುವಷ್ಟು ಹೇಳುತ್ತೇನೆ. ಸಾಮಾನ್ಯ ಸುರುಳಿ ಬಿಟ್ ಲೋಹಕ್ಕಾಗಿ ರೂಪುಗೊಂಡದ್ದು. ಸ್ಟೀಫನ್ ಮೋರ್ಸ್ ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1863ರಲ್ಲಿ. ಅದರ ತುದಿ ಸಾಮಾನ್ಯವಾಗಿ 118 ಡಿಗ್ರಿಯ ಮೊಂಡು ಶಂಕು. ಅದು ಮರದಲ್ಲಿ ನಡುವಿನಿಂದ ಕೊರೆಯುತ್ತ ಹೊರಕ್ಕೆ ಹೋಗುತ್ತದೆ, ತೂತಿನ ಅಂಚು ಕತ್ತರಿಸುವುದು ಕಟ್ಟಕಡೆಗೆ. ಅಷ್ಟರಲ್ಲಿ ಅಂಚಿನ ನಾರುಗಳು ಮೇಲೆದ್ದು ಹರಿದಿರುತ್ತವೆ. ಬ್ರಾಡ್ ಪಾಯಿಂಟ್‌ನಲ್ಲಿ ಈ ಕ್ರಮ ತಲೆಕೆಳಗು. ಚೂಪಾದ ನಡುಮೊನೆ ಗುರುತಿನಲ್ಲಿ ಊರಿ ನಿಲ್ಲುತ್ತದೆ, ಅಂಚಿನ ಎರಡು ಚೂಪು ಹಲ್ಲುಗಳಾದ ಸ್ಪರ್‌ಗಳು ಸುತ್ತಲೂ ಗೀರಿ ನಾರನ್ನು ಮೊದಲೇ ಕತ್ತರಿಸುತ್ತವೆ, ಆಮೇಲೆ ಒಳಗಿನ ಅಲಗುಗಳು ಕತ್ತರಿಸಿದ ಮರವನ್ನು ಎತ್ತಿ ತೆಗೆಯುತ್ತವೆ. ಉಳಿ ಇಡುವ ಮುಂಚೆ ಚಾಕುವಿನಿಂದ ಗೆರೆ ಗೀರಿಕೊಳ್ಳುವ ಬಡಗಿಯ ಕ್ರಮವೇ ಇದು. ಅಂದಮೇಲೆ ಇಡೀ ಬಿಟ್‌ನ ಯೋಗ್ಯತೆ ಇರುವುದು ತುದಿಯ ಕೆಲವೇ ಮಿಲಿಮೀಟರ್‌ನಲ್ಲಿ.

ಈಗ ಚಿನ್ನದ ಬಣ್ಣಕ್ಕೆ ಬರೋಣ.

ಮೊದಲನೆಯದಾಗಿ, ಅದು ಟೈಟಾನಿಯಂ ಬಿಟ್ ಅಲ್ಲ. ಟೈಟಾನಿಯಂ ಲೋಹದಿಂದ ಬಿಟ್ ಮಾಡಿದರೆ ಅದು ಹದ ಕೊಟ್ಟ ಉಕ್ಕಿಗಿಂತ ಎಷ್ಟೋ ಮೆತ್ತಗಿರುತ್ತದೆ, ಬೇಗ ಮೊಂಡಾಗುತ್ತದೆ. ನಿಜವಾದ ಲೇಪನವಾಗಿದ್ದರೆ ಬಿಟ್‌ನ ಮೇಲಿರುವುದು ಟೈಟಾನಿಯಂ ನೈಟ್ರೈಡ್, ಅಂದರೆ ಟೈಟಾನಿಯಂ ಮತ್ತು ಸಾರಜನಕ ಸೇರಿದ ಪಿಂಗಾಣಿಯಂಥ ಸಂಯುಕ್ತ. ಅದು ಬಹಳ ಗಟ್ಟಿ ಅನ್ನುವುದರಲ್ಲಿ ಅನುಮಾನವಿಲ್ಲ. ಗಟ್ಟಿತನದ ವಿಕರ್ಸ್ ಅಳತೆಯಲ್ಲಿ, ಬಿಟ್ ಮಾಡುವ ಹೈ ಸ್ಪೀಡ್ ಸ್ಟೀಲ್ ಎಂಬ ಉಕ್ಕು 800ರ ಆಸುಪಾಸಿನಲ್ಲಿದ್ದರೆ ಇದು 2000 ದಾಟುತ್ತದೆ. ಆದರೆ ಪದರದ ದಪ್ಪ ಕೆಲವೇ ಮೈಕ್ರೋಮೀಟರ್. ಒಂದು ಮಿಲಿಮೀಟರ್‌ನಲ್ಲಿ 1000 ಮೈಕ್ರೋಮೀಟರ್ ಇರುತ್ತವೆ ಅನ್ನುವುದನ್ನು ನೆನಪಿಟ್ಟುಕೊಂಡು ಅದು ಎಷ್ಟು ತೆಳು ಅಂತ ಯೋಚಿಸಿ. ಒಳಗಿರುವುದು ಉಕ್ಕೇ. ಆ ಉಕ್ಕು ಕಳಪೆಯಾಗಿದ್ದರೆ ಮೇಲಿನ ಪದರ ಅದನ್ನು ಕಾಪಾಡುವುದಿಲ್ಲ.

ಎರಡನೆಯದು, ಈ ಲೇಪನ ಏತಕ್ಕೆ ಬಂತು ಅನ್ನುವುದನ್ನು ಯಾರೂ ಕೇಳುವುದಿಲ್ಲ. ಉಕ್ಕನ್ನು ಕೊರೆಯುವಾಗ ತೂತಿನಿಂದ ಬರುವ ಲೋಹದ ಚೂರು ವಿಪರೀತ ಬಿಸಿಯಾಗಿರುತ್ತದೆ, ಒತ್ತಡದಲ್ಲಿ ಅಲಗಿಗೇ ಬೆಸೆದುಕೊಳ್ಳುತ್ತದೆ, ಅಲಗನ್ನು ಕಿತ್ತುಕೊಂಡು ಹೋಗುತ್ತದೆ. ನೈಟ್ರೈಡ್ ಪದರ ಆ ಬೆಸುಗೆಯನ್ನು ತಡೆಯುತ್ತದೆ, ಉಜ್ಜಾಟ ತಗ್ಗಿಸುತ್ತದೆ, ಬಿಸಿ ಉಕ್ಕಿಗೆ ಇಳಿಯುವುದನ್ನು ಒಂದಿಷ್ಟು ತಡೆಯುತ್ತದೆ. ಲೋಹದ ಕೆಲಸದವರಿಗೆ ಅದು ನಿಜಕ್ಕೂ ಉಪಯೋಗದ ವಸ್ತು, ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಮರದ ಹೊಟ್ಟು ಯಾವ ಅಲಗಿಗೂ ಬೆಸೆದುಕೊಳ್ಳುವುದಿಲ್ಲ. ಮರದಲ್ಲಿ ಬಿಟ್ ಬಿಸಿಯಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು: ಅಲಗು ಮೊಂಡಾಗಿ ಕತ್ತರಿಸುವ ಬದಲು ಉಜ್ಜುತ್ತಿರುತ್ತದೆ, ಇಲ್ಲವೇ ಹೊಟ್ಟು ಹೊರಗೆ ಬರಲಾರದೆ ಸುರುಳಿ ಕಾಲುವೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಲೇಪನ ಇವೆರಡಕ್ಕೂ ಮದ್ದಲ್ಲ. ಮೊದಲನೆಯದಕ್ಕೆ ಸಾಣೆ ಹಿಡಿಯಬೇಕು, ಎರಡನೆಯದಕ್ಕೆ ಆಗಾಗ ಬಿಟ್ ಮೇಲೆತ್ತಿ ಹೊಟ್ಟು ಹೊರಹಾಕಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಮರದ ನಾರನ್ನು ಕತ್ತರಿಸುವ ಸ್ಪರ್ ಚಾಕುವಿನಷ್ಟು ತೆಳ್ಳಗೆ, ಚೂಪಾಗಿ ಇರಬೇಕು. ಯಾವ ಲೇಪನವಾದರೂ ಚೂಪಾದ ಅಂಚಿನ ಎರಡೂ ಮಗ್ಗುಲಿಗೆ ಕೂತು ಅದನ್ನು ತುಸುವಾದರೂ ಗುಂಡಗೆ ಮಾಡುತ್ತದೆ. ಲೋಹಕ್ಕೆ ಇದು ತೊಂದರೆಯಲ್ಲ, ಮೆತ್ತನೆಯ ಮರದ ಮೇಲ್ಮೈ ನಾರಿಗೆ ತೊಂದರೆ. ಜೊತೆಗೆ ಹೊಳಪಿನ ಬಣ್ಣ ಒರಟು ಸಾಣೆಯ ಗೀರುಗಳಿಂದ ಕಣ್ಣನ್ನು ಬೇರೆ ಕಡೆಗೆ ಸೆಳೆಯುತ್ತದೆ. ಅಗ್ಗದ ಸೆಟ್‌ಗಳಲ್ಲಿ ಈ ಬಣ್ಣ ಇಷ್ಟೊಂದು ಕಾಣಿಸುವುದು ಏಕೆ ಅಂತ ಈಗ ನೀವೇ ಊಹಿಸಬಹುದು.

ಬಣ್ಣ ಕಂಡಲ್ಲೆಲ್ಲ ಲೇಪನ ಇದೆ ಅಂತಲೂ ಅಲ್ಲ. ಸಾದಾ ಇಂಗಾಲದ ಉಕ್ಕನ್ನು ಉಜ್ಜಿ ಸುಮಾರು 220ರಿಂದ 240 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಮೇಲೆ ಹೊಂಬಣ್ಣದ ಆಕ್ಸೈಡ್ ಪೊರೆ ತಾನಾಗಿಯೇ ಮೂಡುತ್ತದೆ. ಉಳಿಗೆ ಹದ ಕೊಡುವವರು ಈ ಬಣ್ಣ ನೋಡಿಯೇ ಬಿಸಿ ಅಳೆಯುತ್ತಾರೆ. ಆ ಪೊರೆಯಿಂದ ಬಿಟ್ ಏನೂ ಗಟ್ಟಿಯಾಗುವುದಿಲ್ಲ. ಕಪ್ಪು ಬಿಟ್‌ಗಳ ಆಕ್ಸೈಡ್ ಪೊರೆಯೂ ಮುಖ್ಯವಾಗಿ ತುಕ್ಕು ತಡೆಯಲು ಇರುವುದು.

ಇಷ್ಟು ಹೇಳಿದ ಮೇಲೂ ಒಬ್ಬರಾದರೂ ಬರೆಯುತ್ತಾರೆ: ನನ್ನ ಚಿನ್ನದ ಬಣ್ಣದ ಸೆಟ್ ಚೆನ್ನಾಗಿಯೇ ಕೊರೆಯುತ್ತಿದೆಯಲ್ಲ? ಕೊರೆಯಬಹುದು. ಚೆನ್ನಾಗಿ ಸಾಣೆ ಹಿಡಿದ ಬಿಟ್‌ಗೆ ಬಣ್ಣ ಹಚ್ಚಿದರೆ ಅಂಚು ತುಸು ಗುಂಡಗಾದರೂ ಅದು ಪೂರ್ತಿ ಕೆಡುವುದಿಲ್ಲ. ನಿಮ್ಮ ಬಿಟ್ ಚೆನ್ನಾಗಿರುವುದು ಸಾಣೆಯಿಂದ, ಶ್ರೇಯಸ್ಸು ಹೋಗುತ್ತಿರುವುದು ಬಣ್ಣಕ್ಕೆ. ಮೊಂಡಾದ ದಿನ ಅರ ಹಿಡಿದು ಸ್ಪರ್ ಚೂಪು ಮಾಡಿ ನೋಡಿ. ಉಜ್ಜಿದ ಮಗ್ಗುಲಿನ ಬಣ್ಣ ಪೂರ್ತಿ ಹೋಗಿರುತ್ತದೆ, ಬಿಟ್ ಮಾತ್ರ ಮತ್ತೆ ಮೊದಲಿನಂತೆ ಕತ್ತರಿಸುತ್ತದೆ.

ಹಾಗಾದರೆ ಒಳಗಿನ ಉಕ್ಕು ಯಾವುದಿರಬೇಕು? ಮರಕ್ಕೆ ಕ್ರೋಮ್ ವೆನೇಡಿಯಂ ಉಕ್ಕಿನ ಬಿಟ್ ಕೂಡ ನಡೆಯುತ್ತದೆ, ಚೂಪು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಬಿಸಿ ತಡೆಯದು. ಒಮ್ಮೆ ತುದಿ ನೀಲಿಗಟ್ಟಿತು ಅಂದರೆ ಅದು 300 ಡಿಗ್ರಿಯ ಹತ್ತಿರ ಹೋಗಿದೆ, ಹದ ಇಳಿದಿದೆ ಅಂತ ಅರ್ಥ. ಹೈ ಸ್ಪೀಡ್ ಸ್ಟೀಲ್ ಕೆಂಪು ಕಾಯುವಷ್ಟು ಬಿಸಿಯಲ್ಲೂ, ಸುಮಾರು 600 ಡಿಗ್ರಿಯವರೆಗೆ, ಗಟ್ಟಿಯಾಗಿಯೇ ಉಳಿಯುತ್ತದೆ. ಅಮೆರಿಕದ ಟೇಲರ್ ಮತ್ತು ವೈಟ್ ಎಂಬಿಬ್ಬರು ರೂಪಿಸಿದ ಈ ಉಕ್ಕನ್ನು 1900ರ ಪ್ಯಾರಿಸ್ ಮೇಳದಲ್ಲಿ ತೋರಿಸಿದಾಗ ಯಂತ್ರಶಿಲ್ಪಿಗಳು ಬೆರಗಾದದ್ದು ಇದೇ ಗುಣಕ್ಕೆ. ಮರದಲ್ಲಿ ಅಷ್ಟು ಬಿಸಿ ಬೇಕಾಗಿ ಬರುವುದಿಲ್ಲ, ಆದರೆ ಅವಸರದ ಕೈಗೆ ಅದೊಂದು ರಕ್ಷಣೆ. ಕೊಳ್ಳುವವರಿಗೆ ನನ್ನ ಸಲಹೆ ಹೈ ಸ್ಪೀಡ್ ಸ್ಟೀಲ್. ದಿನವಿಡೀ ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ), ಪ್ಲೈವುಡ್, ಲ್ಯಾಮಿನೇಟ್ ಕೊರೆಯುವವರಿಗೆ ಮಾತ್ರ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ತುದಿ ಬೇಕು, ಏಕೆಂದರೆ ಅವುಗಳ ಅಂಟು ಉಕ್ಕಿನ ಅಂಚನ್ನು ಬೇಗ ಸವೆಸುತ್ತದೆ. ತೇಗದ ಮರದೊಳಗಿನ ಸಿಲಿಕಾ ಕೂಡ ಅದನ್ನೇ ಮಾಡುತ್ತದೆ. ಆದರೆ ಕಾರ್ಬೈಡ್ ಪೆಡಸು. ಕೈಜಾರಿ ಗಟ್ಟಿ ನೆಲಕ್ಕೆ ಬಿದ್ದರೆ ಸ್ಪರ್ ಚಕ್ಕೆ ಏಳುತ್ತದೆ.

ಈಗ ಕೈಯಲ್ಲಿ ಬಿಟ್ ಹಿಡಿದು ನೋಡುವ ಕ್ರಮ. ಮೊದಲು ಸ್ಪರ್‌ಗಳು. ಎರಡೂ ಒಂದೇ ಎತ್ತರದಲ್ಲಿರಬೇಕು, ಒಳಗಿನ ಅಲಗಿಗಿಂತ ಸ್ವಲ್ಪ ಮುಂದೆ ಚಾಚಿರಬೇಕು. ಒಂದು ಗಿಡ್ಡವಾದರೆ ಕೆಲಸವೆಲ್ಲ ಇನ್ನೊಂದರ ಮೇಲೇ ಬೀಳುತ್ತದೆ. ಬಿಟ್ ತಿರುಗುವ ದಿಕ್ಕಿನಲ್ಲಿ ಮೊದಲು ಮರಕ್ಕೆ ತಾಗುವ ಅವುಗಳ ಮುಖ ಚೂಪಾಗಿರಬೇಕು, ಉಗುರಿನ ಮೇಲೆ ಮೆಲ್ಲಗೆ ಎಳೆದರೆ ಕಚ್ಚಬೇಕು. ಬಹಳಷ್ಟು ಅಗ್ಗದ ಬಿಟ್‌ಗಳಲ್ಲಿ ಸ್ಪರ್ ಇರುವಂತೆ ಕಾಣುತ್ತದೆ, ಆದರೆ ಅದು ಬರೀ ಮೂಲೆ, ಚೂಪೇ ಇಲ್ಲ. ಅದು ಗೀರುವುದಿಲ್ಲ, ಒತ್ತುತ್ತದೆ. ಆಮೇಲೆ ನಡುಮೊನೆ. ಅದು ಬಿಟ್‌ನ ಸರಿಯಾದ ನಡುವಿನಲ್ಲಿರಬೇಕು. ಗಾಜಿನ ಹಲಗೆಯ ಮೇಲೆ ಬಿಟ್ ಉರುಳಿಸಿ ನೋಡಿ, ಮೊನೆ ಮೇಲೆ ಕೆಳಗೆ ಕುಣಿಯಬಾರದು. ಕುಣಿದರೆ ನಡು ತಪ್ಪಿದೆ, ಇಲ್ಲವೇ ಬಿಟ್ ಬಾಗಿದೆ. ಎರಡಕ್ಕೂ ಪರಿಹಾರವಿಲ್ಲ, ಕೆಳಗಿಡಿ. ಸುರುಳಿ ಕಾಲುವೆ ಒಳಗೆ ನುಣುಪಾಗಿರಬೇಕು, ಒರಟಾಗಿದ್ದರೆ ಹೊಟ್ಟು ಅಲ್ಲೇ ನಿಲ್ಲುತ್ತದೆ. ಇಪ್ಪತ್ತೈದು ಬಿಟ್‌ಗಳ ದೊಡ್ಡ ಸೆಟ್‌ಗಿಂತ 3ರಿಂದ 10 ಮಿ.ಮೀ. ನಡುವೆ ನಿಮಗೆ ಬೇಕಾದ ಐದಾರು ಒಳ್ಳೆಯ ಬಿಟ್‌ಗಳೇ ಮೇಲು.

ಸಾಣೆ ಹಿಡಿಯುವಾಗ ಒಂದೇ ಎಚ್ಚರಿಕೆ. ಸ್ಪರ್‌ನ ಒಳಮಗ್ಗುಲನ್ನು ಮಾತ್ರ ಸಣ್ಣ ವಜ್ರದ ಅರದಿಂದ ಉಜ್ಜಿ. ಹೊರಮಗ್ಗುಲು ಮುಟ್ಟಿದರೆ ತೂತಿನ ವ್ಯಾಸವೇ ಕುಗ್ಗುತ್ತದೆ, ಆಮೇಲೆ ಬಿಟ್‌ನ ಮೈ ತೂತಿನಲ್ಲಿ ಉಜ್ಜುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಹೊರಗಿನಿಂದಲೇ ಉಜ್ಜುವವರಿದ್ದಾರೆ.

ವ್ಯಾಸದ ಮಾತು ಬಂದದ್ದರಿಂದ ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಬೇಕೆನಿಸುತ್ತಿದೆ. 8 ಮಿ.ಮೀ. ಬಿಟ್‌ನಲ್ಲಿ ಕೊರೆದ ತೂತಿಗೆ 8 ಮಿ.ಮೀ. ಡೋವೆಲ್ (ಮರದ ಭಾಗಗಳನ್ನು ಜೋಡಿಸುವ ಗುಂಡನೆಯ ಮರದ ಗೂಟ) ಸಡಿಲವಾಯಿತು, ಬಿಟ್ ಮೋಸ ಅಂತ ಹಲವರು ದೂರುತ್ತಾರೆ. ಬಿಟ್‌ನ ತಪ್ಪೂ ಇರಬಹುದು: ನಡು ತಪ್ಪಿದ ಮೊನೆ ಅಥವಾ ಬಿಟ್ ಹಿಡಿದಿರುವ ಚಕ್ ಅಲುಗಾಡಿದರೆ ಅದೂ ತೂತನ್ನು ದೊಡ್ಡದು ಮಾಡುತ್ತದೆ. ಆದರೆ ಮೊದಲು ಡೋವೆಲನ್ನು ಅಳೆಯಿರಿ, ಅದೂ ಎರಡು ದಿಕ್ಕಿನಲ್ಲಿ. ಮರ ಒಣಗುವಾಗ ವಾರ್ಷಿಕ ಉಂಗುರಗಳ ಉದ್ದಕ್ಕೆ ಕುಗ್ಗುವುದು, ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು. ಗುಂಡಗೆ ತಯಾರಾದ ಡೋವೆಲ್ ಹೀಗೆ ಒಣಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಂದು ದಿಕ್ಕಿನಲ್ಲಿ 8, ಇನ್ನೊಂದರಲ್ಲಿ 7.8 ಬಂದರೆ ಅಚ್ಚರಿಪಡಬೇಕಿಲ್ಲ. ಅದಕ್ಕೇ ಕೆಲಸದ ಮರದ್ದೇ ತುಂಡಿನಲ್ಲಿ ಒಂದು ತೂತು ಕೊರೆದು, ಅದೇ ಕಟ್ಟಿನ ಡೋವೆಲ್ ಹಾಕಿ ನೋಡಿದ ಮೇಲಷ್ಟೇ ಮುಂದುವರಿಯಬೇಕು. ಒತ್ತಿ ಗೆರೆ ಮೂಡಿಸಿದ ಡೋವೆಲ್‌ಗಳು ನೀರಿನಂಶವಿರುವ ಅಂಟು ಹೀರಿ ಉಬ್ಬುತ್ತವೆ, ಹಾಗಾಗಿ ಒಣಗಿದ್ದಾಗ ಕೈಯಿಂದ ತಳ್ಳಿದರೆ ಹೋಗುವಷ್ಟಿದ್ದರೆ ಸಾಕು.

ಆಳದಲ್ಲೂ ಇಂಥದೇ ಒಂದು ತಪ್ಪು ನಡೆಯುತ್ತದೆ. ತೂತಿನ ಆಳವನ್ನು ನಡುಮೊನೆಯಿಂದ ಅಳೆಯುವವರು ಬಹಳ. ಡೋವೆಲ್ ಕೂರುವುದು ಅಲಗುಗಳು ಕೊರೆದ ತಳದ ಮೇಲೆ, ಮೊನೆಯ ಕುಳಿಯ ಮೇಲಲ್ಲ. ಆದ್ದರಿಂದ ಆಳದ ಗುರುತನ್ನು ಅಲಗಿನಿಂದ ಅಳೆದು ಹಾಕಿ, ಅಂಟಿಗೆ ಜಾಗವಿರಲೆಂದು ಒಂದೆರಡು ಮಿಲಿಮೀಟರ್ ಸೇರಿಸಿ. ಆದರೆ ಮೊನೆ ಅದಕ್ಕಿಂತ ಮುಂದಿರುತ್ತದೆ ಅನ್ನುವುದನ್ನೂ ಮರೆಯಬಾರದು. ಮೊನೆ 3 ಮಿ.ಮೀ. ಉದ್ದವಿರುವ ಬಿಟ್‌ನಿಂದ 18 ಮಿ.ಮೀ. ಹಲಗೆಯಲ್ಲಿ 15 ಮಿ.ಮೀ. ಆಳ ಕೊರೆದರೆ ಆಚೆ ಮುಖದಲ್ಲಿ ಸೂಜಿ ತೂತು ಬಿದ್ದಿರುತ್ತದೆ. ಅಂಥ ಹಲಗೆಯಲ್ಲಿ 13ಕ್ಕೆ ನಿಲ್ಲಿಸಿ, ಡೋವೆಲ್ಲನ್ನೇ ಅದಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಿ.