ಮಂಕು ಕವಿದ ಮನಸ್ಸು, ಸಂಬಂಧಗಳ ಚಿಕಿತ್ಸೆ

ಓದಿದ ಸಾಲನ್ನೇ ಮತ್ತೆ ಓದುವುದು, ಸಣ್ಣ ತೀರ್ಮಾನಕ್ಕೂ ಒದ್ದಾಡುವುದು, ಮಾತಿನ ನಡುವೆ ಎಳೆ ತಪ್ಪುವುದು. ಇದನ್ನು ಈಗ 'ಬ್ರೇನ್ ಫಾಗ್' ಅನ್ನುತ್ತಾರೆ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ, ನಿದ್ದೆಗೇಡಿನಿಂದಲೂ ಹೀಗಾಗುತ್ತದೆ. ಹಾಗಾಗಿ ಮೊದಲು ರಕ್ತ ಪರೀಕ್ಷೆ. ಆದರೆ ಖಿನ್ನತೆಯಲ್ಲೂ ಏಕಾಗ್ರತೆ ಕೈಕೊಡುತ್ತದೆ. ಮನೆಯಲ್ಲಿ ಅದಕ್ಕೆ ಸೋಮಾರಿತನ ಅಂತ ಹೆಸರಿಡುತ್ತಾರೆ ಅಲ್ವಾ? ಅದು ದೊಡ್ಡ ಅನ್ಯಾಯ.

ಖಿನ್ನತೆಗೆ ಸಂಬಂಧಗಳ ಕಡೆಯಿಂದ ಕೈಹಾಕುವ ಮಾತಿನ ಚಿಕಿತ್ಸೆಯೇ ಇಂಟರ್‌ಪರ್ಸನಲ್ ಸೈಕೋಥೆರಪಿ, ಅಂದರೆ ಐಪಿಟಿ. ಇದು ರೂಪುಗೊಂಡದ್ದು ಒಂದು ಮಾತ್ರೆಯ ಅಧ್ಯಯನದಲ್ಲಿ. 1969ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಕ್ಲೆರ್ಮನ್ ಮತ್ತು ಮಿರ್ನಾ ವೈಸ್‌ಮನ್ ತಂಡಕ್ಕೆ ಬೇಕಿದ್ದದ್ದು, ಚೇತರಿಸಿಕೊಂಡವರು ಅಮಿಟ್ರಿಪ್ಟಿಲಿನ್ ಎಂಬ ಖಿನ್ನತೆಯ ಮಾತ್ರೆಯನ್ನು ಎಷ್ಟು ದಿನ ಮುಂದುವರಿಸಬೇಕು ಎಂಬ ಉತ್ತರ. ಆಸ್ಪತ್ರೆಗಳಲ್ಲಿ ಮಾತ್ರೆ, ಮಾತು ಎರಡೂ ನಡೆಯುತ್ತಿದ್ದವು. ಹಾಗಾಗಿ ಮಾತನ್ನೂ ಅಧ್ಯಯನಕ್ಕೆ ಸೇರಿಸಿದರು. ಮಾತ್ರೆ ಖಿನ್ನತೆ ಮರುಕಳಿಸದಂತೆ ತಡೆಯಿತು. ಮಾತಿನ ಫಲ ಕಾಣಲು ಕೆಲವು ತಿಂಗಳು ಬೇಕಾಯಿತು, ಆದರೆ ಜನರ ಒಡನಾಟ ಸುಧಾರಿಸಿತು. 1984ರಲ್ಲಿ ಇದರ ಕೈಪಿಡಿ ಬಂತು.

ಸಾಮಾನ್ಯವಾಗಿ ವಾರಕ್ಕೊಮ್ಮೆ, 12ರಿಂದ 16 ವಾರ. 'ಇದು ಕಾಯಿಲೆ, ನಿಮ್ಮ ತಪ್ಪಲ್ಲ' ಎಂದು ಶುರುವಿಗೇ ಹೇಳುತ್ತಾರೆ. ನಿಮ್ಮ ಬದುಕಿನಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳುತ್ತಾರೆ. ಆಮೇಲೆ ಒಂದೇ ಎಳೆ ಹಿಡಿಯುತ್ತಾರೆ: ಸಾವಿನ ದುಃಖ, ಹತ್ತಿರದವರ ಜೊತೆ ಜಗಳ, ಹೆರಿಗೆ ಅಥವಾ ನಿವೃತ್ತಿಯಂಥ ಬದಲಾವಣೆ, ಇಲ್ಲವೇ ಒಂಟಿತನ. ಗಂಡ-ಹೆಂಡತಿ ಜಗಳವಾದರೆ ಅದನ್ನು ಮಾತು ಮಾತಾಗಿ ಬಿಡಿಸುತ್ತಾರೆ. 'ಅವರು ಏನಂದರು? ನೀವೇನಂದಿರಿ? ಆಗ ಹೇಗನ್ನಿಸಿತು? ನಿಜವಾಗಿ ಏನು ಹೇಳಬೇಕಿತ್ತು?' ಅದನ್ನು ಅಲ್ಲೇ ಹೇಳಿ ನೋಡಿಸುತ್ತಾರೆ. ಸುಮ್ನೆ ಸಮಾಧಾನ ಹೇಳುವುದಕ್ಕಿಂತ ಇದು ತುಂಬಾ ಬೇರೆ. ಖಿನ್ನತೆ ಇಳಿದಂತೆ ಮಂಕೂ ಸಾಮಾನ್ಯವಾಗಿ ಇಳಿಯುತ್ತದೆ. ಕೆಲವರಲ್ಲಿ ಉಳಿದುಬಿಡುತ್ತದೆ, ಅದನ್ನು ವೈದ್ಯರಿಗೆ ಹೇಳಲೇಬೇಕು.

ನನಗೆ ಜಾಸ್ತಿ ಭರವಸೆ ಕೊಟ್ಟದ್ದು ಉಗಾಂಡ. ಅಲ್ಲಿನ ಹಳ್ಳಿಗಳಲ್ಲಿ ತರಬೇತಿ ಪಡೆದ ಸ್ಥಳೀಯರೇ ಐಪಿಟಿಯನ್ನು ಗುಂಪಿನಲ್ಲಿ ನಡೆಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಖಿನ್ನತೆ ಗಣನೀಯವಾಗಿ ತಗ್ಗಿತ್ತು. ಗೋವಾದಲ್ಲೂ ಮನೋವೈದ್ಯರಲ್ಲದ ಆಪ್ತಸಮಾಲೋಚಕರು ಐಪಿಟಿ ಸೇರಿದ ಚಿಕಿತ್ಸೆ ಕೊಟ್ಟರು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ಫಲ ಕೊಟ್ಟಿತು. ನಮ್ಮ ತಾಲ್ಲೂಕುಗಳಲ್ಲೂ ಇದು ಆಗಬೇಕು. ಸದ್ಯಕ್ಕೆ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ ಇದೆ: 14416.