ಗೆರೆ ಮುಂದೆ ಹೋಗದಿದ್ದಾಗ ಕೈಪಿಡಿ ಏನು ಹೇಳಬೇಕು?

ಸರ್ಕ್ಯೂಟ್ ಬೋರ್ಡಿನ ಮೇಲೆ ತಾಮ್ರದ ಗೆರೆ, ಅಂದರೆ ಟ್ರೇಸ್, ಎಳೆಯುವ ತಂತ್ರಾಂಶವನ್ನು ಕಲಿಯಲು ಹೊರಟವರಿಗೆ ಗೆರೆ ಎಳೆಯುವುದೇನೂ ಕಷ್ಟವಲ್ಲ. ಕೀಕ್ಯಾಡ್ ಎಂಬ ಅಂಥ ತಂತ್ರಾಂಶದಲ್ಲಿ ಎಕ್ಸ್ ಕೀಲಿ ಒತ್ತಿ, ಒಂದು ಪ್ಯಾಡಿನ (ಬಿಡಿಭಾಗದ ಕಾಲನ್ನು ಬೆಸೆಯುವ ತಾಮ್ರದ ತುಣುಕಿನ) ಮೇಲೆ ಕ್ಲಿಕ್ ಮಾಡಿ ಮೌಸ್ ಸರಿಸಿದರೆ ಗೆರೆ ತಾನಾಗಿ ಹಿಂಬಾಲಿಸುತ್ತದೆ. ತೊಡಕು ಶುರುವಾಗುವುದು, ಕಣ್ಣಿಗೆ ಧಾರಾಳವಾಗಿ ಜಾಗ ಕಾಣುತ್ತಿದ್ದರೂ ಆ ಗೆರೆ ಎರಡು ಪ್ಯಾಡುಗಳ ನಡುವೆ ನುಗ್ಗಲೊಲ್ಲದೆ ನಿಂತುಬಿಟ್ಟಾಗ, ಇಲ್ಲವೇ ಬೋರ್ಡನ್ನೆಲ್ಲ ಸುತ್ತಿಕೊಂಡು ಎಲ್ಲಿಂದಲೋ ಬಂದಾಗ. ಕೈಪಿಡಿಯ ನೆನಪಾಗುವುದೂ ಆಗಲೇ. ಆದರೆ ಬಹುಪಾಲು ಕೈಪಿಡಿಗಳು ಮೆನುವಿನ ಆಯ್ಕೆಗಳನ್ನು ಒಂದೊಂದಾಗಿ ಹೆಸರಿಸಿ ಕೈತೊಳೆದುಕೊಳ್ಳುತ್ತವೆ. ಗೆರೆ ಯಾಕೆ ಹೋಗುತ್ತಿಲ್ಲ ಎಂಬುದಕ್ಕೆ ಅವುಗಳಲ್ಲಿ ಉತ್ತರವಿರುವುದಿಲ್ಲ.

ಒಂದು ಲೆಕ್ಕ ನೋಡೋಣ. ಹಳೆಯ ಮಾದರಿಯ ಐಸಿಯ, ಅಂದರೆ ಚಿಪ್ಪಿನ, ಕಾಲುಗಳು 2.54 ಮಿಲಿಮೀಟರ್ ದೂರದಲ್ಲಿರುತ್ತವೆ. ಇದು ಕಾಲಿನ ನಡುಬಿಂದುವಿನಿಂದ ನಡುಬಿಂದುವಿಗೆ ಇರುವ ದೂರ, ಅಂದರೆ ಪಿಚ್. ಪ್ಯಾಡಿನ ಅಗಲ 1.6 ಮಿ.ಮೀ. ಎಂದಿಟ್ಟುಕೊಂಡರೆ ನಡುವೆ ಉಳಿಯುವುದು 0.94 ಮಿ.ಮೀ. ಮಾತ್ರ. ಬೇರೆ ಬೇರೆ ನೆಟ್‌ಗಳ, ಅಂದರೆ ಒಂದಕ್ಕೊಂದು ತಾಗಬಾರದ ಸಂಪರ್ಕಗಳ, ತಾಮ್ರದ ನಡುವೆ ಕನಿಷ್ಠ 0.2 ಮಿ.ಮೀ. ಕ್ಲಿಯರೆನ್ಸ್ (ಖಾಲಿ ಬಿಡುವು) ಇರಬೇಕೆಂಬ ನಿಯಮವಿದ್ದರೆ, 0.5 ಮಿ.ಮೀ. ಅಗಲದ ಗೆರೆಗೆ ಎರಡೂ ಬದಿಯ ಬಿಡುವು ಸೇರಿ 0.9 ಮಿ.ಮೀ. ಬೇಕು, ಅದು ಹಾಗೂ ಹೀಗೂ ತೂರಿಕೊಳ್ಳುತ್ತದೆ. ಅದೇ ಗೆರೆ 0.6 ಮಿ.ಮೀ. ಆದರೆ ಬೇಕಾಗುವುದು 1.0 ಮಿ.ಮೀ., ಹಾಗಾಗಿ ದಾರಿ ಮುಚ್ಚಿತು. ಪರದೆಯ ಮೇಲೆ ಈ ಎರಡು ಗೆರೆಗಳ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹತ್ತು ಆಯ್ಕೆಗಳ ವಿವರಣೆಗಿಂತ ಈ ಒಂದು ಕೂಡಿ ಕಳೆಯುವ ಲೆಕ್ಕ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. (ಕನ್ನಡದಲ್ಲಿ ಬರೆಯುವವರು ಇಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು: ಪಿಚ್‌ಗೂ 'ಅಂತರ', ಕ್ಲಿಯರೆನ್ಸ್‌ಗೂ 'ಅಂತರ' ಎಂದುಬಿಟ್ಟರೆ ಈ ಲೆಕ್ಕವೇ ಅರ್ಥವಾಗುವುದಿಲ್ಲ.)

ದಾರಿ ಹುಡುಕುವ ಕೆಲಸವನ್ನು ಯಂತ್ರಕ್ಕೆ ವಹಿಸುವ ಯೋಚನೆ ಹೊಸದಲ್ಲ. ಬೆಲ್ ಪ್ರಯೋಗಾಲಯದ ಸಿ. ವೈ. ಲೀ 1961ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಬೋರ್ಡನ್ನು ಚೌಕುಳಿಗಳಾಗಿ ವಿಂಗಡಿಸಿ, ಹೊರಡುವ ಚೌಕದ ಅಕ್ಕಪಕ್ಕಕ್ಕೆ 1, ಅವುಗಳ ಅಕ್ಕಪಕ್ಕಕ್ಕೆ 2 ಎಂದು ಅಂಕೆ ಬರೆಯುತ್ತ ಹೋಗಬೇಕು. ಕೆರೆಗೆ ಕಲ್ಲೆಸೆದಾಗ ಅಲೆ ಹರಡುವಂತೆ ಅಂಕೆಗಳು ಹರಡಿ ಗುರಿ ಮುಟ್ಟಿದ ಮೇಲೆ, ಇಳಿಯುವ ಅಂಕೆಗಳನ್ನು ಹಿಡಿದು ಹಿಂದಕ್ಕೆ ಬಂದರೆ ಅತಿ ಹತ್ತಿರದ ದಾರಿ ಸಿಗುತ್ತದೆ. ದಾರಿ ಇದ್ದರೆ ಅದು ಸಿಕ್ಕೇ ಸಿಗುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಆದರೆ 100 ಮಿ.ಮೀ. ಉದ್ದ, ಅಷ್ಟೇ ಅಗಲದ ಬೋರ್ಡನ್ನು 0.1 ಮಿ.ಮೀ. ಚೌಕಗಳಾಗಿ ಸೀಳಿದರೆ ಒಂದೊಂದು ಪದರದಲ್ಲೂ ಹತ್ತು ಲಕ್ಷ ಚೌಕಗಳಾಗುತ್ತವೆ. ಅದಕ್ಕಿಂತ ದೊಡ್ಡ ತಕರಾರೆಂದರೆ, ಮೊದಲು ಎಳೆದ ಗೆರೆ ಆಮೇಲಿನ ಗೆರೆಗೆ ಗೋಡೆಯಾಗುತ್ತದೆ. ಯಾವುದನ್ನು ಮೊದಲು ಎಳೆಯಬೇಕು ಎಂಬುದನ್ನು ಈ ವಿಧಾನ ಹೇಳುವುದಿಲ್ಲ.

ಗೋಡೆಯನ್ನೇ ಪಕ್ಕಕ್ಕೆ ಸರಿಸುವ ರೌಟರ್, ಅಂದರೆ ಗೆರೆಗೆ ದಾರಿ ಮಾಡಿಕೊಡುವ ಸಾಧನ, ಈ ತಕರಾರಿಗೆ ಒಂದು ಉತ್ತರ. ಫ್ರಾನ್ಸಿನ ಜ್ಯಾಂ-ಪಿಯೇರ್ ಶರಾಸ್ 1992ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶವಾದ ಕೀಕ್ಯಾಡ್‌ಗೆ ಅಂಥ ರೌಟರನ್ನು ಸೇರಿಸಿದ್ದು ಜಿನೀವಾದ ಸರ್ನ್ ಸಂಸ್ಥೆಯ ಎಂಜಿನಿಯರುಗಳು. ಇದಕ್ಕೆ ಮೂರು ನಡೆಗಳಿವೆ: ಅಡ್ಡ ಬಂದದ್ದನ್ನು ತೋರಿಸುವುದು, ಸುತ್ತಿಕೊಂಡು ಹೋಗುವುದು, ತಳ್ಳುವುದು. ಹೇಳಲು ಇಷ್ಟೇ, ಆದರೆ ಕೈಪಿಡಿ ಬರೆಯುವವರ ಕಷ್ಟವೆಲ್ಲ ಈ ನಡೆಗಳ ಒಳಷರತ್ತುಗಳಲ್ಲಿದೆ. ಬೀಗ ಹಾಕಿದ ಗೆರೆಯನ್ನು ರೌಟರ್ ತಳ್ಳುವುದಿಲ್ಲ. ವಯಾಗಳನ್ನು (ಗೆರೆಯನ್ನು ಒಂದು ಪದರದಿಂದ ಇನ್ನೊಂದಕ್ಕೆ ದಾಟಿಸುವ ತೂತುಗಳನ್ನು) ತಳ್ಳಬೇಕೇ ಬೇಡವೇ ಎಂಬುದು ಬೇರೆಯೇ ಆಯ್ಕೆ. ಗೆರೆಯನ್ನು ಬೇಕಾದ ಕೋನಕ್ಕೆ ತಿರುಗಿಸುವ ಸೌಲಭ್ಯ ಮೊದಲನೆಯ ನಡೆಯಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಒಂದೇ ಕ್ಲಿಕ್ ಎರಡು ಬೋರ್ಡುಗಳಲ್ಲಿ ಎರಡು ಬಗೆಯಾಗಿ ವರ್ತಿಸಬಹುದು, ಮತ್ತು ಎರಡೂ ಸರಿಯೇ ಆಗಿರಬಹುದು.

ತಳ್ಳುವಿಕೆಯನ್ನು ಒಂದು ಸ್ಥಿರಚಿತ್ರದಲ್ಲಿ ತೋರಿಸಲಾಗದು. ತಳ್ಳುವ ಮುನ್ನ ಒಂದು, ತಳ್ಳಿದ ಮೇಲೆ ಒಂದು ಚಿತ್ರ ಬೇಕು. ಓದುಗರೇ ತೆರೆದು ಆಡಿಸಿ ನೋಡಬಲ್ಲ ನಾಲ್ಕೈದು ಗೆರೆಗಳ ಪುಟ್ಟ ಬೋರ್ಡ್ ಕಡತವೊಂದನ್ನು ಜೊತೆಗಿಟ್ಟರೆ ಇನ್ನೂ ಮೇಲು. ಯಾವ ಆವೃತ್ತಿಯ ಮಾತಿದು ಎಂದು ಬರೆಯದಿದ್ದರೆ ಮಾತ್ರ ಎಲ್ಲ ಶ್ರಮವೂ ವ್ಯರ್ಥ, ಏಕೆಂದರೆ ಕೀಲಿಗಳೂ ಮೆನುಗಳೂ ಬದಲಾಗುತ್ತಿರುತ್ತವೆ.

ಕೆಲವೊಮ್ಮೆ ಅಡ್ಡಿ ಬೋರ್ಡಿನ ಮೇಲೆ ಇರುವುದೇ ಇಲ್ಲ. ಯುಎಸ್‌ಬಿಯ ದತ್ತಾಂಶದ ಎರಡು ಗೆರೆಗಳನ್ನು ಜೋಡಿಯಾಗಿ ಎಳೆಯಲು ಹೊರಟರೆ ಕೀಕ್ಯಾಡ್ ಮೊದಲ ಕ್ಲಿಕ್ಕಿಗೇ ನಿರಾಕರಿಸುವುದುಂಟು. ಪ್ಯಾಡಿನ ಸುತ್ತ ಜಾಗ ಬೇಕಾದಷ್ಟಿರುತ್ತದೆ, ನಿಯಮಗಳೂ ಸರಿಯಾಗಿರುತ್ತವೆ. ಕಾರಣ ಹೆಸರಿನಲ್ಲಿರುತ್ತದೆ: ಎರಡು ನೆಟ್‌ಗಳ ಹೆಸರು ಒಂದೇ ಆಗಿದ್ದು, ಕೊನೆಯಲ್ಲಿ ಮಾತ್ರ ಒಂದಕ್ಕೆ ಅಧಿಕ ಚಿಹ್ನೆ, ಇನ್ನೊಂದಕ್ಕೆ ಋಣ ಚಿಹ್ನೆ, ಅಥವಾ ಪಿ ಮತ್ತು ಎನ್ ಅಕ್ಷರಗಳಿದ್ದರೆ ಮಾತ್ರ ತಂತ್ರಾಂಶ ಅವನ್ನು ಜೋಡಿಯೆಂದು ಗುರುತಿಸುತ್ತದೆ. ಆಗ ಬೋರ್ಡನ್ನು ಬಿಟ್ಟು ಸ್ಕೀಮ್ಯಾಟಿಕ್‌ಗೆ, ಅಂದರೆ ಸರ್ಕ್ಯೂಟಿನ ನಕ್ಷೆಗೆ, ಹಿಂದಿರುಗಿ, ಹೆಸರು ತಿದ್ದಿ, ಬೋರ್ಡನ್ನು ಅಪ್‌ಡೇಟ್ ಮಾಡಿ ಮತ್ತೆ ಅದೇ ಪ್ಯಾಡಿನ ಮೇಲೆ ಕ್ಲಿಕ್ ಮಾಡಬೇಕು.